ವೆನಿಸ್ಸಿನ ನೆಲಕ್ಕೆ ಉಗುರು ಹಚ್ಚಿ ಬಂದೆ

ವಾಡಿ

ಪರದೇಶಕ್ಕೆ ಹೊರಟವರಿಗೆ ಮನೆಯವರು ಅದು ತಾ ಇದು ತಾ ಎಂದು ಪಟ್ಟಿ ಕೊಡುತ್ತಾರೆ. ನಮ್ಮ ಭೀಮಶಾ ಕಾಕಾ ನನಗೆ ಹೇಳಿದ್ದು ಒಂದೇ ಮಾತು: ಬಲಗೈ ಹೆಬ್ಬೆರಳಿನ ಉಗುರು ಕತ್ತರಿಸಬೇಡ. ಹೊರಡುವ ಹದಿನೈದು ದಿನ ಮೊದಲಿನಿಂದ ದಿನಾ ನನ್ನ ಕೈ ಹಿಡಿದು ಆ ಉಗುರನ್ನು ತಪಾಸಣೆ ಮಾಡುತ್ತಿದ್ದ. ನಾನು ಚಿತ್ತಾಪುರದ ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವಳು. ಉಗುರು ಬಿಟ್ಟುಕೊಂಡು ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೈದವಳು. ಆ ಹದಿನೈದು ದಿನ ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಪಾಠ ಮಾಡಿದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಶಹಾಬಾದಿನಲ್ಲಿ ನಲವತ್ತು ವರ್ಷ ಫರಸಿ ಹಾಸಿದವನು. ನೆಲಕ್ಕೆ ಹಾಸುವ ನಮ್ಮೂರಿನ ಬೂದು ಕಲ್ಲಿಗೆ ನಾವು ಫರಸಿ ಅನ್ನುತ್ತೇವೆ. ಎರಡು ಕಲ್ಲು ಕೂಡಿದ ಸಂದಿಯ ಮೇಲೆ ಕಾಕಾ ಹೆಬ್ಬೆರಳಿನ ಉಗುರನ್ನು ಅಡ್ಡ ಎಳೆಯುತ್ತಾನೆ. ಉಗುರು ತಡೆದರೆ ಕೆಲಸ ಕೆಟ್ಟಿತೆಂದು ಲೆಕ್ಕ, ಕಲ್ಲು ಕಿತ್ತು ಮತ್ತೆ ಕೂಡಿಸಬೇಕು. ಯಾರ ಮನೆಗೆ ಹೋದರೂ ಮೊದಲು ನೆಲಕ್ಕೆ ಉಗುರು, ಆಮೇಲೆ ಚಹಾ. ನನಗೆ ಗಂಡು ನೋಡಲು ಹೋದಾಗ ಹುಡುಗನ ಮನೆಯ ಪಡಸಾಲೆಗೆ ಉಗುರು ಎಳೆದು, "ಮನಿ ಛಲೋ ಅದ, ಕೊಡಬಹುದು" ಅಂದವನು. ಹುಡುಗ ಹೇಗಿದ್ದಾನೆಂದು ನಾನೇ ಕೇಳಿ ತಿಳಿದುಕೊಳ್ಳಬೇಕಾಯಿತು.

ನನ್ನ ಹುಚ್ಚು ಬೇರೆ. ನಾನು ರಟ್ಟಿನಲ್ಲಿ ನಕ್ಷತ್ರ ಮಾಡುತ್ತೇನೆ. ಹನ್ನೆರಡು ಪಂಚಕೋನಗಳನ್ನು ಅಂಚಿಗೆ ಅಂಚು ಅಂಟಿಸಿದರೆ ಒಂದು ಉಂಡೆ ಆಗುತ್ತದೆ. ಒಂದೊಂದು ಪಂಚಕೋನದ ಮೇಲೂ ಐದು ತ್ರಿಕೋನಗಳ ಚೂಪು ಗೋಪುರ ನಿಲ್ಲಿಸಿರಿ. ಎತ್ತರ ಸರಿಯಾಗಿ ಹಿಡಿದರೆ ಒಂದು ಚಮತ್ಕಾರ ಕಾಣುತ್ತದೆ. ಯಾವುದೇ ಗೋಪುರದ ಸುತ್ತಲಿನ ಐದು ಗೋಪುರಗಳಿಂದ ಒಂದೊಂದು ತ್ರಿಕೋನ ಒಂದೇ ಮಟ್ಟಕ್ಕೆ ಬಂದು, ಐದು ಮೊನೆಯ ಚಪ್ಪಟೆ ನಕ್ಷತ್ರವಾಗಿ ಕೂಡುತ್ತವೆ. ಅದರ ಹೊಟ್ಟೆ ಮಾತ್ರ ನಡುವಿನ ಗೋಪುರದ ಕೆಳಗೆ ಅಡಗಿರುತ್ತದೆ. ಹೀಗೆ ಹನ್ನೆರಡು ನಕ್ಷತ್ರಗಳು, ವಾಡಿ ಜಂಕ್ಷನ್ನಿನ ಹಳಿಗಳಂತೆ, ಒಂದನ್ನೊಂದು ಕತ್ತರಿಸಿಕೊಂಡು ಹಾದುಹೋಗಿರುತ್ತವೆ. ಎಲ್ಲಾ ಮುಖ ಒಂದೇ ತರಹ, ಎಲ್ಲಾ ಮೊನೆ ಒಂದೇ ತರಹ ಇರುವ ಇಂಥ ನಕ್ಷತ್ರಘನಗಳು ಜಗತ್ತಿನಲ್ಲಿ ನಾಲ್ಕೇ ನಾಲ್ಕು. ಐದನೆಯದು ಇರುವುದು ಸಾಧ್ಯವೇ ಇಲ್ಲ ಎಂದು ಬಲ್ಲವರು ಸಾಧಿಸಿ ತೋರಿಸಿದ್ದಾರೆ.

ಇದನ್ನು ಕಾಕಾನಿಗೆ ವಿವರಿಸಿದಾಗ ಅವನು ರಟ್ಟಿನ ನಕ್ಷತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹನ್ನೆರಡು ಮುಖ ಅಂತಿ. ನಾ ಎಣಿಸಿದ್ರ ಅರವತ್ತು ಚೂರು ಅದಾವ."

"ಅರವತ್ತು ಕಣ್ಣಿಗೆ ಕಾಣೂವು ಕಾಕಾ. ಲೆಕ್ಕದಾಗ ಹನ್ನೆರಡೇ."

"ಲೆಕ್ಕದಾಗ ಕಲ್ಲು ಕಡಿಯಾಂವ ಯಾರು? ನಾನೋ ನೀನೋ?"

ಆಮೇಲೆ ಒಂದು ದಿನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ವೆನಿಸ್ ಪಟ್ಟಣದ ಒಂದು ಹಳೆಯ ಚರ್ಚಿನ ನೆಲದಲ್ಲಿ, ನೂರಾರು ವರ್ಷದ ಹಿಂದೆ, ಯಾರೋ ಇದೇ ನಕ್ಷತ್ರವನ್ನು ಬಣ್ಣಬಣ್ಣದ ಕಲ್ಲಿನಲ್ಲಿ ಕೂಡಿಸಿದ್ದಾರೆ. ಚಪ್ಪಟೆ ನೆಲವೇ, ಆದರೆ ನೋಡಿದರೆ ಮೊನೆಗಳು ಎದ್ದು ಕಾಲಿಗೆ ಚುಚ್ಚುವಂತಿವೆ. ಕಾಕಾ ಅದನ್ನು ಮಧ್ಯಾಹ್ನವೆಲ್ಲ ನೋಡಿದ. ಸಂಜೆ ಎದ್ದು ಹೋಗಿ, ಶಹಾಬಾದಿನ ನಮ್ಮ ಓಣಿಯಲ್ಲಿ ಕಟ್ಟುತ್ತಿರುವ ಬುದ್ಧವಿಹಾರದ ಕಮಿಟಿಗೆ, "ನೆಲ ನಾ ಹಾಸ್ತೀನಿ, ನಡುಕ ನಕ್ಷತ್ರ ಇಡ್ತೀನಿ" ಎಂದು ಹೇಳಿಬಂದ.

ಕಮಿಟಿಯ ಹಿರಿಯ ಅಂಬಾರಾಯ ಮಾಮಾ, ರೈಲ್ವೆಯಿಂದ ನಿವೃತ್ತರಾದವರು. ಅವರಿಗೆ ಮಿಂಚುವ ಟೈಲ್ಸ್ ಬೇಕಾಗಿತ್ತು. "ಇದು ಯಾವ ಧರ್ಮದ ನಕ್ಷತ್ರ ಭೀಮಶಾ?" ಎಂದರು. "ಜಾಮೆಟ್ರಿ ಧರ್ಮದ್ದು, ನಮ್ಮ ಸುಜಾತಾ ಸಾಲ್ಯಾಗ ಕಲಿಸ್ತಾಳಲ್ಲ" ಎಂದ ಕಾಕಾ. ರಟ್ಟಿನ ನಕ್ಷತ್ರವನ್ನು ಒಂದು ಮೊನೆ ಮೇಲೆ ಬರುವಂತೆ ಹಿಡಿದು, ನೆತ್ತಿಯಿಂದ ಹೇಗೆ ಕಾಣುತ್ತದೋ ಹಾಗೆ ನೆಲದ ಮೇಲೆ ಬಿಡಿಸಿದ. ನಡುವೆ ನಮ್ಮತ್ತಲೇ ನೋಡುವ ಮೊನೆ, ಸುತ್ತ ಹತ್ತು. ಮಾಮಾ ಬೆರಳಿಟ್ಟು ಎಣಿಸಿದರು.

"ಹನ್ನೆರಡು ಅಂದಿ. ಹನ್ನೊಂದೇ ಅದಾವಲ್ಲೋ. ಒಂದು ಎಲ್ಲಿ ಹೋಯ್ತು?"

"ಅದು ನೆಲದ ಕೆಳಗ ಅದರಿ. ಆ ಕಡಿ ಮುಖ ಮಾಡ್ಯಾದ."

ಮಾಮಾ ನಂಬಲಿಲ್ಲ. ಬುದ್ಧಪೂರ್ಣಿಮೆಗೆ ವಿಹಾರ ತೆರೆಯುವುದು, ಅಷ್ಟರೊಳಗೆ ನಕ್ಷತ್ರ ಕೂಡದಿದ್ದರೆ ಟೈಲ್ಸ್ ಎಂದು ತೀರ್ಮಾನವಾಯಿತು.

ನಡುವಿನ ಮೊನೆ ಸುಲಭ. ಐದು ಅಗಲ ತ್ರಿಕೋನಗಳು ಒಂದೆಡೆ ಕೂಡಿದರಾಯಿತು. ಸುತ್ತಲಿನ ಹತ್ತು ಮೊನೆಗಳಲ್ಲಿ ಮಾತ್ರ ಸೂಜಿಯಂಥ ಚೂರುಗಳು ಎರಡು ಮೂರು ಸೇರಿ ಒಂದೇ ಬಿಂದುವಿಗೆ ಬರಬೇಕು. ನಮ್ಮ ಕಲ್ಲು ಪದರು ಪದರಾದದ್ದು. ಕಾಕಾ ಒಂದೊಂದನ್ನೂ ಮೂರು ಸಲ ಕಡಿದ, ಮೂರು ಸಲವೂ ತುದಿ ಹಾರಿತು. ತುದಿ ಹಾರಿದ ಕಲ್ಲನ್ನು ವಿಹಾರದ ಹಿಂದೆ ಒಗೆದ. ಅಲ್ಲಿ ಒಂದು ಗುಡ್ಡೆಯೇ ಆಯಿತು.

ಯಾರೂ ಗಮನಿಸದ ಒಂದು ಸಂಗತಿ ನನಗೆ ಗೊತ್ತಿತ್ತು. ಕಾಕಾನ ಕೈ ನಡುಗುತ್ತಿತ್ತು. ಜನ ಇದ್ದಾಗ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂಡುತ್ತಿದ್ದ. ಚಹಾ ಕೊಟ್ಟರೆ, "ಕೆಳಗ ಇಡು, ಸುಡ್ತದ" ಎನ್ನುತ್ತಿದ್ದ.

ಅದೇ ಹೊತ್ತಿಗೆ ನನಗೆ ಇಟಲಿಯಿಂದ ಕರೆ ಬಂತು. ರಟ್ಟು, ಕಟ್ಟಿಗೆ, ದಾರಗಳಲ್ಲಿ ಇಂಥ ಆಕೃತಿ ಮಾಡುವ ಹವ್ಯಾಸಿಗಳು ಪಾದುವಾ ಎಂಬ ಊರಲ್ಲಿ ಸೇರುತ್ತಾರೆ, ನೀವೂ ಬನ್ನಿ ಎಂದು. ವೆನಿಸ್ ಅಲ್ಲಿಂದ ರೈಲಿನಲ್ಲಿ ಹತ್ತಿರ. ಬೇಸಿಗೆ ರಜೆಯೂ ಅಷ್ಟರಲ್ಲಿ ಶುರುವಾಗುತ್ತಿತ್ತು. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸುವಾಗ ಕಾಕಾ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಫೋಟೋದಾಗ ಎಲ್ಲಾ ಚೂಪೇ ಕಾಣ್ತದ ಮಗಳಾ. ನೀ ಉಗುರು ಹಚ್ಚಿ ನೋಡು. ಅವ್ರ ಮೊನಿ ಕೂಡ್ಯಾವ ಅಂದ್ರ ಕಲ್ಲಿಂದು ತಪ್ಪಿಲ್ಲ, ನನ್ನ ಕೈ ಹೋಗ್ಯಾವ. ಅಂಬಾರಾಯಗ ನಾನೇ ಟೈಲ್ಸ್ ಹಾಕ್ರಿ ಅಂತೀನಿ. ಇನ್ನ ಉಳಿ ಮುಟ್ಟೂದಿಲ್ಲ."

ಗಾಡಿ ಚಿತ್ತಾಪುರ ದಾಟಿ ಸೇಡಂ ಬರುವವರೆಗೂ ನಾನು ನನ್ನ ಉಗುರನ್ನೇ ನೋಡುತ್ತ ಕುಳಿತಿದ್ದೆ. ಇಷ್ಟು ಭಾರದ ಉಗುರನ್ನು ಯಾರೂ ವಿಮಾನದಲ್ಲಿ ಒಯ್ದಿರಲಿಕ್ಕಿಲ್ಲ.

ಶಂಶಾಬಾದ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಯಲ್ಲಿ ಎರಡು ಸ್ಟೀಲಿನ ಡಬ್ಬಿಗಳಿದ್ದವು. ಒಂದರಲ್ಲಿ ಕಡಕ್ ರೊಟ್ಟಿ, ಇನ್ನೊಂದರಲ್ಲಿ ರಟ್ಟಿನ ನಕ್ಷತ್ರ. ಎರಡೂ ಒಂದೇ ಅಳತೆಯ ಡಬ್ಬಿ, ಏಕೆಂದರೆ ಒಂದೇ ಅಂಗಡಿಯಲ್ಲಿ ತಂದದ್ದು. ತಪಾಸಣೆಯ ಯಂತ್ರದಲ್ಲಿ ನಕ್ಷತ್ರದ ಡಬ್ಬಿ ಹೋದೊಡನೆ ಎಲ್ಲರೂ ಪರದೆಯ ಹತ್ತಿರ ಬಂದರು. ಹನ್ನೆರಡು ಮೊನೆಯ ವಸ್ತು ಡಬ್ಬಿಯೊಳಗೆ ಹೇಗೆ ಕಾಣುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಒಬ್ಬ ಹೆಣ್ಣುಮಗಳು ಡಬ್ಬಿ ತೆರೆದು, "ಇದು ಏನು ಕೆಲಸ ಮಾಡುತ್ತದೆ?" ಎಂದು ಕೇಳಿದಳು. ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ ಎಂದೆ. ಅವಳಿಗೆ ಸಂಶಯ ಹೆಚ್ಚಾಯಿತು. ಏನೂ ಕೆಲಸ ಮಾಡದ ವಸ್ತುವನ್ನು ಅಷ್ಟು ಜೋಪಾನವಾಗಿ ಯಾರು ಒಯ್ಯುತ್ತಾರೆ? ಕೊನೆಗೆ ಹತ್ತನೇ ತರಗತಿಗೆ ಪಾಠ ಮಾಡುವಂತೆ ಮುಖ, ಅಂಚು, ಮೊನೆ ಎಂದು ವಿವರಿಸತೊಡಗಿದೆ. ಹಿಂದಿನ ಸಾಲು ಗೊಣಗಿತು. ಅವಳು ಬೇಗ ಬೇಗ ಮುಚ್ಚಳ ಹಾಕಿ ಕಳಿಸಿದಳು. ಗಣಿತ ಕಂಡರೆ ಜನ ದಾರಿ ಬಿಡುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು, ಅದು ಉಪಯೋಗಕ್ಕೆ ಬಂದದ್ದು ಅಂದೇ.

ವಿಮಾನದಲ್ಲಿ ನಕ್ಷತ್ರವನ್ನು ತೊಡೆಯ ಮೇಲಿಟ್ಟುಕೊಂಡು, ರೊಟ್ಟಿಯನ್ನು ಮೇಲಿನ ಗೂಡಿಗೆ ಹಾಕಿದೆ. ಯಾರದೋ ಪೆಟ್ಟಿಗೆ ದಾರಿಯುದ್ದಕ್ಕೂ ಅದಕ್ಕೆ ಡಿಕ್ಕಿ ಹೊಡೆಯಿತು. ಇಳಿದಾಗ ನಕ್ಷತ್ರ ಇಡಿಯಾಗಿತ್ತು, ರೊಟ್ಟಿ ಮಾತ್ರ ಚೂರುಚೂರು.

ಪಾದುವಾ

ಪಾದುವಾದ ಸಭೆ ಒಂದು ಹಳೆಯ ಶಾಲೆಯ ಅಂಗಳದಲ್ಲಿ. ಮೂವತ್ತು ನಲವತ್ತು ಜನ, ಬಹುತೇಕ ವಯಸ್ಸಾದವರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಮುಳ್ಳಿನ ವಸ್ತು. ಒಬ್ಬಾಕೆ ನಕ್ಷತ್ರವನ್ನು ಉಣ್ಣೆಯಲ್ಲಿ ಹೆಣೆದಿದ್ದರು, ಅದರ ಮೊನೆಗಳೆಲ್ಲ ಬಾಡಿದ ಬದನೆಯಂತೆ ಜೋಲುತ್ತಿದ್ದವು. ಬ್ರೂನೋ ಎಂಬ ಮುದುಕ, ಬೀಗ ರಿಪೇರಿ ಮಾಡುತ್ತಿದ್ದವನಂತೆ, ಹಿತ್ತಾಳೆಯಲ್ಲಿ ಮಾಡಿ ತಂದಿದ್ದ. ಪರಿಚಯವಾದೊಡನೆ ಎರಡೂ ಕೆನ್ನೆಗೆ ಕೆನ್ನೆ ತಾಗಿಸಲು ಬಂದ. ನಾನು ಗಾಬರಿಯಲ್ಲಿ ನಮಸ್ಕಾರಕ್ಕೆ ಕೈ ಎತ್ತಿದೆ, ನಡುವೆ ಅವನ ಹಿತ್ತಾಳೆಯ ಮೊನೆ ನನ್ನ ಮೊಣಕೈಗೆ ಚುಚ್ಚಿತು. ಆಮೇಲೆ ಆ ಮನುಷ್ಯ ದಿನವಿಡೀ ದೂರದಿಂದಲೇ ಕೈ ಮುಗಿದ.

ಇಲ್ಲಿಯವರು ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಹೆಬ್ಬೆರಳೆತ್ತರದ ಬಟ್ಟಲು, ಎರಡು ಗುಟುಕು, ಮುಗಿಯಿತು. ಕುಡಿದು ಹೊರಗೆ ಬಂದು ಒಂದು ತಾಸು ಮಾತಾಡುತ್ತಾರೆ. ನಮ್ಮಲ್ಲಿ ಚಹಾದಂಗಡಿಯಲ್ಲಿ ಆ ತಾಸನ್ನು ಬಟ್ಟಲ ಮುಂದೆಯೇ ಕಳೆಯುತ್ತೇವೆ. ಮಾತು ಅಷ್ಟೇ, ಜಾಗ ಬೇರೆ.

ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಬುತ್ತಿ ಬಿಚ್ಚಿದರು. ನಾನು ರೊಟ್ಟಿಯ ಡಬ್ಬಿ ತೆರೆದಿಟ್ಟು, ಶೇಂಗಾ ಹಿಂಡಿ ಹುಡುಕಲು ಚೀಲದೊಳಗೆ ಕೈ ಹಾಕಿದೆ. ತಿರುಗಿ ನೋಡುವುದರಲ್ಲಿ ಬ್ರೂನೋ ಮತ್ತು ಉಣ್ಣೆಯಾಕೆ ನನ್ನ ರೊಟ್ಟಿಯ ಚೂರುಗಳನ್ನು ಮೇಜಿನ ಮೇಲೆ ಹರವಿ, ಅಂಚಿಗೆ ಅಂಚು ಜೋಡಿಸುತ್ತಿದ್ದರು. ಇದು ಯಾವ ಆಕೃತಿ, ಒಂದು ತುಣುಕು ಕಡಿಮೆ ಇದೆಯಲ್ಲ ಎಂದು ಗಂಭೀರವಾಗಿ ಕೇಳಿದರು. ಆ ಕಡಿಮೆ ತುಣುಕನ್ನು ನಾನು ವಿಮಾನ ಇಳಿದೊಡನೆ ತಿಂದಿದ್ದೆ. ಇದು ಊಟ ಎಂದು ಹೇಳಿ ಹಿಂಡಿ ಹಚ್ಚಿ ಕೊಟ್ಟೆ. ಖಾರಕ್ಕೆ ಬ್ರೂನೋನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚೂರಿಗೆ ಕೈ ಚಾಚಿದ.

ಊಟದ ನಂತರ ಲೆಕ್ಕದ ಜಗಳ. ಶಾಲೆಯಲ್ಲಿ ನಾವು ಒಂದು ಸೂತ್ರ ಕಲಿಸುತ್ತೇವೆ: ಘನಾಕೃತಿಯ ಮೊನೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ ಎರಡು ಬರಬೇಕು. ಈ ನಕ್ಷತ್ರಕ್ಕೆ ಹನ್ನೆರಡು ಮೊನೆ, ಮೂವತ್ತು ಅಂಚು, ಹನ್ನೆರಡು ಮುಖ. ಹಾಕಿ ನೋಡಿರಿ, ಬರುವುದು ಋಣ ಆರು. ಮುಖಗಳು ಒಂದರೊಳಗೊಂದು ಹಾದುಹೋಗುವುದರಿಂದ ನೆಟ್ಟಗಿನ ಘನಗಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಅರವತ್ತು ತ್ರಿಕೋನ ಎಂದು ಎಣಿಸಿದರೆ ಸರಿಯಾಗಿ ಎರಡೇ ಬರುತ್ತದೆ ಎಂದು ಬ್ರೂನೋ ಮೇಜು ಕುಟ್ಟಿದ. ಅವನೂ ನಮ್ಮ ಕಾಕಾನೂ ಒಂದೇ ಪಕ್ಷ. ಕೈಯಿಂದ ಮಾಡುವವರಿಗೆ ಎಲ್ಲೆಡೆ ಅರವತ್ತೇ ಕಾಣುತ್ತದೆ ಎಂದು ನನಗೆ ಅನಿಸಿತು.

ಕಲ್ಲಿನಲ್ಲಿ ಮೊನೆ ಕೂಡಿಸುವುದು ಹೇಗೆಂದು ಎಲ್ಲರನ್ನೂ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ನಾವು ರಟ್ಟಿನವರು ಎಂದು ಕೈ ಚೆಲ್ಲಿದರು. ವೆನಿಸ್ಸಿನ ಆ ನೆಲದ ಮೊನೆಗಳು ಕೂದಲೆಳೆಯಷ್ಟೂ ಬಿಡದೆ ಕೂಡಿವೆ ಎಂದು ಉಣ್ಣೆಯಾಕೆ ಬಹಳ ಅಭಿಮಾನದಿಂದ ಹೇಳಿದರು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

ವೆನಿಸ್, ಮೊದಲ ದಿನ

ವೆನಿಸ್ಸಿಗೆ ಹೋಗುವ ಮೊದಲು ಮೆಸ್ತ್ರೆ ಎಂಬ ಜಂಕ್ಷನ್ ಬರುತ್ತದೆ. ನೋಡಿದೊಡನೆ ನಮ್ಮ ವಾಡಿಯೇ ಅನಿಸಿತು: ಎಲ್ಲರೂ ಇಳಿಯುವುದು, ಯಾರೂ ಊರೊಳಗೆ ಹೋಗದಿರುವುದು. ನಾನು ಅಲ್ಲೇ ಒಂದು ಕೋಣೆ ಹಿಡಿದಿದ್ದೆ.

ವೆನಿಸ್ಸಿನಲ್ಲಿ ರಸ್ತೆಗಳಿಲ್ಲ, ನೀರಿನ ಕಾಲುವೆಗಳಿವೆ, ಇದು ಎಲ್ಲರಿಗೂ ಗೊತ್ತು. ನನಗೆ ಗೊತ್ತಿರದಿದ್ದದ್ದು ಅಲ್ಲಿನ ಓಣಿಗಳಿಗೆಲ್ಲ ಬೂದು ಫರಸಿ ಹಾಸಿದ್ದಾರೆ ಎಂಬುದು. ಬಂದವರೆಲ್ಲ ತಲೆ ಎತ್ತಿ ಗೋಪುರ ನೋಡುತ್ತಿದ್ದರೆ ನಾನು ಒಬ್ಬಳೇ ತಲೆ ತಗ್ಗಿಸಿ ನಡೆದೆ. ಒಂದು ಸೇತುವೆಯ ಮೇಲೆ ಬಗ್ಗಿ ಸಂದಿಗೆ ಉಗುರು ಎಳೆದು ನೋಡುತ್ತಿದ್ದಾಗ, ಏನೋ ಬಿದ್ದುಹೋಗಿದೆ ಎಂದುಕೊಂಡು ಜಪಾನಿ ದಂಪತಿ ನನ್ನ ಜೊತೆ ಹುಡುಕತೊಡಗಿದರು. ಅವರ ಮನಸ್ಸು ನೋಯಿಸಬಾರದೆಂದು ನನ್ನ ಸೇಫ್ಟಿಪಿನ್ನನ್ನು ಮೆಲ್ಲಗೆ ಬೀಳಿಸಿ, "ಸಿಕ್ಕಿತು" ಎಂದೆ. ಅವರು ಚಪ್ಪಾಳೆ ತಟ್ಟಿದರು.

ಆ ಚರ್ಚಿನ ಹೆಸರನ್ನು ನಾನು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಕಾವಲುಗಾರ ಓಡಿ ಬಂದು ಕಾಲು ತೋರಿಸಿ ಬೆರಳಾಡಿಸಿದ: ಹಾಕಿಕೊಳ್ಳಿ. ಇಂಥ ನೆಲದ ಮೇಲೆ ಚಪ್ಪಲಿ ಹಾಕಿ ನಡೆಯಿರಿ ಎನ್ನುವವನನ್ನು ಕಾಕಾ ಕಂಡಿದ್ದರೆ ಅವನಿಗೇ ಎರಡು ಮಾತು ಅನ್ನುತ್ತಿದ್ದ. ನಾನು ಹಾಕಿಕೊಂಡೆ.

ನೆಲ ನೋಡುತ್ತ ನಿಂತೆ. ಕೆಂಪು, ಹಸಿರು, ಬಿಳಿ, ಕಪ್ಪು, ಹೂವು, ಸುರುಳಿ, ಚೌಕ. ಮತ್ತು ನೆಲವೆಲ್ಲ ಅಲೆಅಲೆಯಾಗಿ ಏರಿ ಇಳಿದಿದೆ. ಕೆಳಗೆ ನೀರು, ಮೇಲೆ ಶತಮಾನಗಳ ಭಾರ, ಕುಸಿಯದೆ ಏನು ಮಾಡೀತು? ಆದರೂ ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ನಮ್ಮ ಶಹಾಬಾದಿನಲ್ಲಿ ಇಂಥ ಏರಿಳಿತಕ್ಕೆ ಮನೆಯ ಯಜಮಾನ ನೆಲ ಕೀಳಿಸುತ್ತಿದ್ದ.

ನಕ್ಷತ್ರ ಮಾತ್ರ ಕಾಣಲಿಲ್ಲ. ಒಂದು ತಾಸು ಹುಡುಕಿದೆ. ಕೊನೆಗೆ ಬಾಗಿಲ ಹತ್ತಿರ, ದಪ್ಪ ನಾರಿನ ಚಾಪೆಯ ಮೇಲೆ ಸೋತು ನಿಂತು, ಬಣ್ಣದ ಛತ್ರಿ ಎತ್ತಿ ಜನರನ್ನು ಕರೆದೊಯ್ಯುತ್ತಿದ್ದ ಗೈಡ್ ಒಬ್ಬನಿಗೆ ಮೊಬೈಲಿನ ಚಿತ್ರ ತೋರಿಸಿದೆ. ಅವನು ನಕ್ಕು ಛತ್ರಿಯ ತುದಿಯಿಂದ ನನ್ನ ಪಾದ ತೋರಿಸಿದ. ನಾನು ಅದರ ಮೇಲೆಯೇ ನಿಂತಿದ್ದೆ. ಜನ ತುಳಿದು ಸವೆಯಬಾರದೆಂದು ಚಾಪೆ ಹಾಸಿದ್ದಾರೆ, ಬೆಳಿಗ್ಗೆ ಒರೆಸುವಾಗ ಮಾತ್ರ ಎತ್ತುತ್ತಾರೆ ಎಂದ.

ಚಪ್ಪಲಿ ಹಾಕಿಕೊಂಡು, ಚಾಪೆಯ ಮೇಲಿಂದ, ಆ ನಕ್ಷತ್ರವನ್ನು ತುಳಿದುಕೊಂಡೇ ಒಂದು ತಾಸು ಅದನ್ನು ಹುಡುಕಿದ್ದೆ. ನನಗೆ ಅಳು ಬಂದಿತು. ಮರುದಿನ ಮಧ್ಯಾಹ್ನ ನನ್ನ ವಿಮಾನ. ಉಳಿದದ್ದು ಒಂದು ಬೆಳಗು.

ವೆನಿಸ್, ಎರಡನೇ ದಿನ

ಬೆಳಗಿನ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು. ಮೊದಲ ರೈಲು ಹಿಡಿದು, ಮುಂಜಾನೆಯೇ ಬಾಗಿಲಲ್ಲಿ ನಿಂತೆ. ಒಳಗೆ ಒಬ್ಬ ಹೆಂಗಸು ನೀಲಿ ಸಮವಸ್ತ್ರದಲ್ಲಿ ನೆಲ ಒರೆಸುತ್ತಿದ್ದಳು. ಒದ್ದೆ ನೆಲ ನೋಡಿ ನನ್ನ ಕಾಲುಗಳು ತಾವೇ ಚಪ್ಪಲಿ ಬಿಟ್ಟವು. ಈಗತಾನೇ ಒರೆಸಿದ ನೆಲವನ್ನು ತುಳಿದರೆ ನಮ್ಮ ಮನೆಯಲ್ಲಿ ಊಟ ಸಿಗುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ, ಗೋಡೆಯ ಅಂಚು ಹಿಡಿದು ನಡೆದೆ.

ಅವಳು ಕೋಲು ನಿಲ್ಲಿಸಿ ನನ್ನನ್ನೇ ನೋಡಿದಳು. "ಆಪಾ, ಜೂತಾ ಕ್ಯೂಂ ಉತಾರಾ?" ಎಂದು ಹಿಂದಿಯಲ್ಲಿ ಕೇಳಿದಳು. ಆ ಊರಲ್ಲಿ ಆ ಮಾತು ಕೇಳಿ ನನಗೆ ಚಿತ್ತಾಪುರ ಬಸ್ ನಿಲ್ದಾಣಕ್ಕೇ ಬಂದಂತಾಯಿತು. ನೀನು ಈಗಷ್ಟೇ ಒರೆಸಿದ್ದೀಯಲ್ಲ, ಕಲೆ ಬೀಳುತ್ತದೆ ಎಂದು ನಮ್ಮ ಕಲಬುರಗಿಯ ಹಿಂದಿಯಲ್ಲಿ ಹೇಳಿದೆ.

ಅವಳ ಹೆಸರು ರಹೀಮಾ, ಬಾಂಗ್ಲಾದೇಶದವಳು. ಎಷ್ಟೋ ವರ್ಷದಿಂದ ಇಲ್ಲಿ ಒರೆಸುತ್ತಿದ್ದಾಳೆ, ಒರೆಸಿದ ಬೆನ್ನಿಗೇ ಜನ ತುಳಿಯುತ್ತಾರೆ, ಚಪ್ಪಲಿ ಬಿಟ್ಟವರನ್ನು ಇಂದೇ ಕಂಡದ್ದು ಎಂದಳು. ನಾನು ಬಂದ ಕಾರಣ ಹೇಳಿದೆ. ಕಾಕಾ, ಕೈ ನಡುಗುವುದು, ಗುಡ್ಡೆಯಾದ ಕಲ್ಲು, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅತ್ತಿತ್ತ ನೋಡಿ, ಬಾಗಿಲ ಹತ್ತಿರದ ಚಾಪೆಯನ್ನು ಸರಸರ ಸುತ್ತಿ, ಅಲ್ಲಿ ಒದ್ದೆ ಬಟ್ಟೆ ಎಳೆದಳು. ಒಣಗುವ ತನಕ ನಿನ್ನದು, ಆಮೇಲೆ ಚಾಪೆ ಹಾಸಲೇಬೇಕು, ಯಾರಾದರೂ ಕಂಡರೆ ನನ್ನ ಕೆಲಸ ಹೋಗುತ್ತದೆ ಎಂದಳು.

ನಕ್ಷತ್ರ ನನ್ನ ಕಾಲ ಬಳಿ ಇತ್ತು. ಕಾಕಾ ಬಿಡಿಸಿದ್ದಕ್ಕಿಂತ ಸ್ವಲ್ಪ ಬೇರೆ ಮಗ್ಗುಲಿಗೆ ವಾಲಿಸಿ ಬಿಡಿಸಿದ್ದರು, ಮೊನೆಯ ಕಷ್ಟ ಮಾತ್ರ ಅದೇ. ನಿಂತು ನೋಡಿದರೆ ಒಂದೊಂದೂ ಸೂಜಿ. ಕುಕ್ಕರಗಾಲಲ್ಲಿ ಕುಳಿತು, ಮೊದಲನೆಯ ಮೊನೆಗೆ ಉಗುರು ಎಳೆದೆ.

ಉಗುರು ತಡೆಯಿತು.

ಇನ್ನೊಂದಕ್ಕೆ ಎಳೆದೆ. ಅಲ್ಲೂ ತಡೆಯಿತು. ನಾಲ್ಕನೆಯದು, ಐದನೆಯದು, ಎಲ್ಲಾ ಕಡೆ. ಮುಖವನ್ನು ನೆಲದ ಹತ್ತಿರ ತಂದು ನೋಡಿದೆ. ಒಂದು ಮೊನೆಯೂ ಬಿಂದುವಿಗೆ ಹೋಗಿಯೇ ಇರಲಿಲ್ಲ. ಪ್ರತಿ ಚೂರೂ ಅರ್ಧ ಜೋಳದ ಕಾಳಿನಷ್ಟು ಮೊದಲೇ ನಿಂತಿತ್ತು, ತುದಿ ಮೊಂಡು, ಮುಂದಿನ ಜಾಗದಲ್ಲಿ ಕಪ್ಪು ಗಚ್ಚು. ಎದ್ದು ನಿಂತೆ: ಸೂಜಿ. ಕುಳಿತೆ: ಮೊಂಡು. ಮತ್ತೆ ಎದ್ದೆ, ಮತ್ತೆ ಕುಳಿತೆ. ರಹೀಮಾ ಇದೂ ಒಂದು ತರಹದ ಪ್ರಾರ್ಥನೆ ಇರಬೇಕೆಂದು ಸುಮ್ಮನೆ ತಲೆ ಬಗ್ಗಿಸಿ ನಿಂತಿದ್ದಳು.

ಇಪ್ಪತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಜೋಳದ ಕಾಳಿನಷ್ಟು ಚುಕ್ಕೆ ಇಟ್ಟು, "ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ" ಎಂದು ಹೇಳುತ್ತ ಬಂದಿದ್ದೇನೆ. ಒಂದು ಮಗುವೂ ನನ್ನನ್ನು ಹಿಡಿಯಲಿಲ್ಲ. ನನಗೂ ನಾಚಿಕೆಯಾಗಿರಲಿಲ್ಲ. ಈಗ ಆಯಿತು.

ಚೀಲದಿಂದ ಗ್ರಾಫ್ ಹಾಳೆ ತೆಗೆದು, ಒಣಗಿದ ಒಂದು ಮೊನೆಯ ಮೇಲಿಟ್ಟು ಪೆನ್ಸಿಲಿನಿಂದ ತಿಕ್ಕಿದೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುವಂತೆ ಮೊನೆಯ ಅಚ್ಚು ಬಂತು. ರಹೀಮಾ ಚಾಪೆ ಬಿಡಿಸಿದಳು. ಅವಳ ಕೈ ಹಿಡಿದುಕೊಂಡೆ. ಉಳಿದಿದ್ದ ಹಿಂಡಿಯ ಪೊಟ್ಟಣವನ್ನು ಕೊಟ್ಟುಬಂದೆ.

ಹೊರಗೆ ನೀರಿನ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಫೋನ್ ಹಚ್ಚಿದೆ. ಶಹಾಬಾದಿನಲ್ಲಿ ಆಗ ಬಿಸಿಲೇರಿತ್ತು.

"ಉಗುರು ಅದನೋ, ಮುರೀತೋ?" ಕಾಕಾನ ಮೊದಲ ಪ್ರಶ್ನೆ.

"ಅದ ಕಾಕಾ. ಹಚ್ಚಿ ನೋಡಿದೆ. ಒಂದು ಮೊನಿ ಬಿಡದಂಗ ಎಲ್ಲಾ ಕಡಿ ತಡೀತದ."

"ಸವದಿರಬೇಕು. ಮಂದಿ ತುಳದು ತುಳದು."

"ಸವದಿದ್ರ ಒಂದು ಹೆಚ್ಚು ಒಂದು ಕಡಿಮಿ ಇರ್ತಿತ್ತಲ್ಲ? ಎಲ್ಲಾ ಒಂದೇ ಅಳತಿ ಅದಾವ. ಅರ್ಧ ಜ್ವಾಳದ ಕಾಳಿನಷ್ಟು ಮೊದಲೇ ಮೊಂಡ ಮಾಡಿ, ಮುಂದ ಕರಿ ಗಚ್ಚು ತುಂಬ್ಯಾರ. ನಿಂತು ನೋಡಿದ್ರ ಗೊತ್ತೇ ಆಗೂದಿಲ್ಲ."

"ಬೇಕಂತಲೇ ಮಾಡ್ಯಾರ?"

"ಬೇಕಂತಲೇ."

"ಅಂದ್ರ ಕೈ ಅಲ್ಲ."

"ಕೈ ಅಲ್ಲ ಕಾಕಾ. ಕಲ್ಲಿಗಿ ಅಷ್ಟು ಚೂಪು ನಿಂದ್ರೂದಿಲ್ಲ. ಯಾರ ಕೈಯಾಗೂ ನಿಂದ್ರೂದಿಲ್ಲ."

ನಾನು ಅಳುತ್ತಿದ್ದೆ. ಅವನೂ ಅಳುತ್ತಿದ್ದನೋ ಏನೋ, ಆದರೆ ಹೊರಗೆ ಬಂದದ್ದು ಬೈಗುಳ. "ಹಲ್ಕಟ್ ಮಂದಿ! ಒಂದು ಚೀಟಿ ಬರದಿಟ್ಟು ಹೋಗಲಿಕ್ಕ ಏನಾಗಿತ್ತು ಅವ್ರಿಗಿ? ಎಷ್ಟು ಛಲೋ ಕಲ್ಲು ಹಿಂದ ಒಗದೀನಿ ನಾ!" ನಾನು ಕಣ್ಣೀರಿನ ನಡುವೆಯೇ ನಕ್ಕೆ. ನೂರಾರು ವರ್ಷದ ಹಿಂದಿನ ಇಟಲಿಯ ಗೌಂಡಿಗಳಿಗೆ ಶಹಾಬಾದಿನಿಂದ ಬೈಗುಳ ಹೋದದ್ದು ಅದೇ ಮೊದಲು. "ಅಂಬಾರಾಯಗ ಹೇಳಬ್ಯಾಡ ಮತ್ತ. ಫೋನ್ ಇಡು. ನಂಗ ಕೆಲಸ ಅದ" ಎಂದು ಅವನೇ ಇಟ್ಟುಬಿಟ್ಟ.

ಶಹಾಬಾದ

ಬುದ್ಧಪೂರ್ಣಿಮೆಗೆ ಎರಡು ದಿನ ಇರುವಾಗ ಊರು ಸೇರಿದೆ. ಚೀಲ ಮನೆಯಲ್ಲಿ ಹಾಕಿ ನೇರವಾಗಿ ವಿಹಾರಕ್ಕೆ ಹೋದೆ. ಕಾಕಾ ಹಿಂದಿನ ಗುಡ್ಡೆಯನ್ನು ಕೆದಕಿ, ತಾನೇ ಒಗೆದಿದ್ದ ಕಲ್ಲುಗಳನ್ನೆಲ್ಲ ವಾಪಸು ತಂದಿದ್ದ. ಬೂದು, ಕಪ್ಪು, ಹಳದಿ. ನೆಲದ ನಡುವೆ ನಕ್ಷತ್ರ ಎದ್ದು ನಿಂತಿತ್ತು. ನಾನು ದಾಟಲು ಕಾಲೆತ್ತಿದವಳು ಚುಚ್ಚೀತೆಂದು ಹಿಂದೆ ಇಟ್ಟೆ.

ಅಂಬಾರಾಯ ಮಾಮಾ ಮೊಣಕಾಲು ನೋವಿನವರು, ನೆಲಕ್ಕೆ ಕೂಡುವುದಿಲ್ಲ. ನಿಂತೇ ಸುತ್ತು ಹಾಕಿ, "ಏನ್ ಸೂಜಿ ಆಗ್ಯಾವಲ್ಲೋ ಭೀಮಶಾ ಮೊನಿ! ಟೈಲ್ಸಿನಾಗ ಇದು ಬರ್ತಿರಲಿಲ್ಲ ಬಿಡು" ಎಂದರು. ಕಾಕಾ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಮಾಮಾ ಹೋದ ಮೇಲೆ ಕುಳಿತು ಹತ್ತೂ ಮೊನೆಗೆ ಉಗುರು ಎಳೆದೆ. ಹತ್ತು ಕಡೆಯೂ ತಡೆಯಿತು, ಒಂದೇ ಅಳತೆ, ಅರ್ಧ ಜೋಳದ ಕಾಳು. ವೆನಿಸ್ಸಿನ ಅಚ್ಚಿನ ಹಾಳೆ ಇಟ್ಟು ನೋಡಿದರೆ ತುದಿಗೆ ತುದಿ ಸರಿಯಾಗಿ ಕೂಡಿತು.

ನಡುವಿನ ಐದು ಕಲ್ಲುಗಳಲ್ಲಿ ಒಂದನ್ನು ಕಾಕಾ ಇನ್ನೂ ಕೂಡಿಸಿರಲಿಲ್ಲ. "ನಿನ್ನ ಸಲುವಾಗೇ ಬಿಟ್ಟೀನಿ. ಕುಂದರು" ಎಂದ. ಆ ಖಾಲಿ ಜಾಗದಿಂದ ಒಳಕ್ಕೆ, ಸರಿಯಾಗಿ ನಡುಬಿಂದುವಿನ ಕೆಳಗೆ, ಒಂದು ಗುಂಡಿ ತೋಡಿದ್ದ. ಸೊಂಟದಿಂದ ತನ್ನ ಉಳಿಯನ್ನು ತೆಗೆದ. ನಲವತ್ತು ವರ್ಷ ಪೆಟ್ಟು ತಿಂದು ಅದರ ತಲೆ ಅಣಬೆಯಂತೆ ಅರಳಿತ್ತು. ಅದನ್ನು ಮೊನೆ ಕೆಳಗೆ ಮಾಡಿ, ನೆಟ್ಟಗೆ ಗುಂಡಿಯಲ್ಲಿ ನಿಲ್ಲಿಸಿದ. ಕೈ ನಡುಗುತ್ತಿತ್ತು. ಈ ಸಲ ಮುಚ್ಚಿಕೊಳ್ಳಲಿಲ್ಲ.

"ಹನ್ನೆರಡನೇದು," ಎಂದ. "ಅಂಬಾರಾಯ ಮತ್ತ ಕೇಳಿದ್ರ ಅದ ಅಂತ ಹೇಳು."

"ಕಾಕಾ, ಉಳಿ ಇಲ್ಲದ ನೀ ಏನ್ ಮಾಡ್ತಿ?"

"ಚಹಾ ಕುಡೀತೀನಿ. ಕೈಯಾಗ ಹಿಡದು."

ಗಚ್ಚು ತುಂಬಿ, ಕೊನೆಯ ಕಲ್ಲನ್ನು ಇಟ್ಟು, ಅಂಗೈಯಿಂದ ಒತ್ತಿದ. ಐದು ತ್ರಿಕೋನಗಳು ನಡುವೆ ಬಂದು ಕೂಡಿದವು. ಎಳೆ ಎಂದು ಕಣ್ಣಲ್ಲೇ ಹೇಳಿದ. ನಾನು ಸಂದಿಯ ಮೇಲೆ ಉಗುರು ಎಳೆದೆ, ಒಂದು, ಎರಡು, ಮೂರು, ನಾಲ್ಕು, ಐದು. ಎಲ್ಲೂ ತಡೆಯಲಿಲ್ಲ.

ಕಾಕಾ ನನ್ನ ಹೆಬ್ಬೆರಳನ್ನು ಹಿಡಿದು, ಧೂಳು ಒರೆಸಿ, ತಿರುಗಿಸಿ ನೋಡಿದ.

"ಇನ್ನ ಉಗುರು ತಗೀ ಮಗಳಾ," ಎಂದ. "ಕೆಲಸ ಮುಗೀತು."